ಜಿಗ್ ಗಾಳ ಮತ್ತು ಅತ್ತೆಯ ಕೆಮ್ಮು

ವಾಚಕ ಮಹಾಶಯರೇ, ನೀರಿನ ತಳದಲ್ಲಿ ನಡೆಯುವ ವ್ಯವಹಾರವನ್ನು ನೀರಿನ ಮೇಲೆ ಕುಳಿತು ಅರಿಯಬಹುದೆಂದು ಯಾರಾದರೂ ಹೇಳಿದರೆ ತಾವು ನಂಬಬೇಕಾಗಿಲ್ಲ, ನಾನೂ ನಂಬಿರಲಿಲ್ಲ. ಆದರೆ ಒಂದು ಸರೋವರದ ದೋಣಿಕಟ್ಟೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು, ಕಂಡು ದಂಗುಬಡಿದು ನಿಂತದ್ದನ್ನು, ಕಂಡ ಕ್ರಮದಲ್ಲಿಯೇ ತಮ್ಮ ಅವಗಾಹನೆಗೆ ತರುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ವೃತ್ತಾಂತಕ್ಕೆ ತೊಡಗಿದ್ದೇನೆ.

ಆ ಊರಿನಲ್ಲಿ ನಾನು ಬಸ್ಸಿನಿಂದ ಇಳಿದದ್ದು ಕೆಲಸ ಹುಡುಕಿಕೊಂಡು. ದೋಣಿಕಟ್ಟೆಯಲ್ಲಿ ಎಲ್ಲರೂ ಮಾವ ಎಂದು ಕರೆಯುತ್ತಿದ್ದ ಹಿರಿಯರೊಬ್ಬರಿದ್ದರು. ಬಾಸ್ ಮೀನು ಹಿಡಿಯುವ ಹವ್ಯಾಸಿಗಳನ್ನು ತಮ್ಮ ದೋಣಿಯಲ್ಲಿ ಕರೆದೊಯ್ದು, ಜಾಗ ತೋರಿಸಿ, ಗಾಳ ಹಾಕುವುದನ್ನು ಕಲಿಸುವುದು ಅವರ ಕಸುಬು. ಅವರ ಹೆಂಡತಿ, ಅಂದರೆ ಎಲ್ಲರ ಅತ್ತೆ, ವರ್ಷಗಳಿಂದ ಆ ದೋಣಿಯ ಹುಟ್ಟು ಹಾಕುತ್ತಿದ್ದವರು. ಒದ್ದೆ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಅಂಗಡಿಯ ಬಾಗಿಲಲ್ಲಿ ಕುಳಿತಿದ್ದರು. ಅವರ ಬದಲಿಗೆ ಒಬ್ಬ ಆಳು ಬೇಕಾಗಿತ್ತು.

ಮೀನು ಹಿಡಿಯಲು ಬರುತ್ತದೆಯೇ ಎಂದು ಮಾವ ಕೇಳಿದರು. ಇಲ್ಲವೆಂದೆ.

"ಒಳ್ಳೇದಾಯ್ತು. ಬಂದಿದ್ರೆ ನನಗೇ ಪಾಠ ಹೇಳ್ತಿದ್ದೆ," ಎಂದು ಹುಟ್ಟುಗಳನ್ನು ನನ್ನ ಕೈಗಿತ್ತರು.

ಅಂಗಡಿಯೆಂದರೆ ತಗಡಿನ ಸೂರಿನ ಒಂದೇ ಕೋಣೆ. ಅದರ ಹಿಂದೆ ಅವರ ಅಡುಗೆಮನೆ, ಮಲಗುವ ಕೋಣೆ. ಮೇಜಿನ ತುಂಬ ಅಚ್ಚಿನಿಂದ ತೆಗೆದ ಸೀಸದ ಗುಂಡುಗಳು, ಬಣ್ಣಬಣ್ಣದ ರಬ್ಬರಿನ ಎಳೆಗಳು, ವಾರ್ನಿಷಿನ ವಾಸನೆ. ಅತ್ತೆ ಕುಳಿತಲ್ಲಿಯೇ ಜಿಗ್ ಕಟ್ಟುತ್ತಿದ್ದರು. ಜಿಗ್ ಎಂದರೆ ಮತ್ತೇನಲ್ಲ: ಸೀಸದ ತಲೆ, ಆ ತಲೆಯಿಂದ ಹೊರಟ ಒಂದು ಕೊಕ್ಕೆ, ಸೊಂಟಕ್ಕೆ ರಬ್ಬರಿನ ಎಳೆಗಳ ಲಂಗ. ಬೇರೆ ಗಾಳಗಳು ಮಿಂಚುತ್ತವೆ, ಓಡುತ್ತವೆ, ಗಿಲಿಗಿಲಿ ಸದ್ದು ಮಾಡುತ್ತವೆ. ಮೀನು ಬಂದು ಗುದ್ದಿದರೆ ಮೊಣಕೈಯವರೆಗೆ ತಿಳಿಯುತ್ತದೆ. ಜಿಗ್ ಸುಮ್ಮನೆ ಮುಳುಗುತ್ತದೆ, ಕಲ್ಲುಗಳ ನಡುವೆ ಸಿಗಡಿಯಂತೆ ಕುಳಿತುಕೊಳ್ಳುತ್ತದೆ. ಬಾಸ್ ಮೀನು ಬಂದು ಅದನ್ನು ನೀರಿನೊಂದಿಗೆ ಬಾಯೊಳಗೆ ಎಳೆದುಕೊಂಡು, ರುಚಿ ಹಿಡಿಸದಿದ್ದರೆ ಉಗುಳಿ ಹೋಗುತ್ತದೆ. ಒಳಗೆಳೆದುಕೊಂಡದ್ದಕ್ಕೂ ಉಗುಳಿದ್ದಕ್ಕೂ ನಡುವಿನ ಆ ಕ್ಷಣವನ್ನು ಹಿಡಿಯಬಲ್ಲವನಿಗೆ ಮಾತ್ರ ಮೀನು. ಆದ್ದರಿಂದಲೇ ಬಹುಪಾಲು ಜನ ಜಿಗ್ ಕಟ್ಟಿ, ಸ್ವಲ್ಪ ಹೊತ್ತು ನೋಡಿ, ಧೈರ್ಯಗೆಟ್ಟು ಬೇರೆ ಗಾಳಕ್ಕೆ ಶರಣಾಗುತ್ತಾರೆ. ಮಾವನ ಹೆಸರು ನಿಂತದ್ದು ಜಿಗ್ಗಿನ ಮೇಲೆಯೇ. ಅವರ ಬೆರಳಿಗೆ ಕಿವಿಯಿದೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಆ ವರ್ಷ ಅವರಿಗೆ ಒಂದು ಸಂಕಟ ಎದುರಾಗಿತ್ತು. ಕಟ್ಟೆಯೂ ಅಂಗಡಿಯೂ ಹಿಂದಿನ ಕೋಣೆಗಳೂ ಗಾಳಗಾರರ ಸಂಘದ ಸ್ವತ್ತು. ದೋಣಿ ನಡೆಸುವ ಅನುಮತಿ ಯಾರಿಗಿದೆಯೋ ಅವರಿಗೇ ಆ ಮನೆ. ಮೋಟಾರು ದೋಣಿಯವನೊಬ್ಬ ಅನುಮತಿ ತನಗೆ ಕೊಡಿ, ಮಾವನಿಗೆ ವಯಸ್ಸಾಯಿತು, ಇತ್ತೀಚೆಗೆ ಅವರ ದೋಣಿಯಲ್ಲಿ ಮೀನೇ ಬೀಳುತ್ತಿಲ್ಲ ಎಂದು ದೂರಿದ್ದ. ಟೈರ್ ಅಂಗಡಿ ಇಟ್ಟುಕೊಂಡಿದ್ದ ಸಂಘದ ಅಧ್ಯಕ್ಷರು, ಒಂದು ಬೆಳಗ್ಗೆ ತಾವೇ ಬಂದು ಮಾವನ ದೋಣಿಯಲ್ಲಿ ಕುಳಿತು ನೋಡಿ ತೀರ್ಮಾನಿಸುವುದಾಗಿ ತಿಳಿಸಿದ್ದರು.

ಕೆಲಸ ಮುಗಿದ ಮೇಲೆ ಸಂಜೆ ನಾನೂ ಕಟ್ಟೆಯ ಅಂಚಿನಲ್ಲಿ ಜಿಗ್ ಇಳಿಬಿಡತೊಡಗಿದೆ. ಕಲ್ಲು ತಗುಲಿದರೆ ಮೀನೆಂದು ಎಳೆದೆ. ಮೀನು ಬಂದು ಹೋದರೆ ಏನೂ ಇಲ್ಲವೆಂದು ಸುಮ್ಮನಿದ್ದೆ. ಬೇಸತ್ತು ಮಿಂಚುವ ಗಾಳಗಳ ಡಬ್ಬಿಗೆ ಕೈಹಾಕುವಷ್ಟರಲ್ಲಿ ಅತ್ತೆ ಅದನ್ನು ಎಳೆದುಕೊಂಡು ತಮ್ಮ ಪ್ಲಾಸ್ಟರ್ ಕಾಲಿನ ಕೆಳಗಿಟ್ಟುಕೊಂಡರು.

"ಬೇಕಿದ್ರೆ ಕಾಲೆತ್ತಿ ತಗೋ. ಆದ್ರೆ ನಾನು ಕಿರುಚಿದ್ರೆ ಊರೆಲ್ಲಾ ಸೇರುತ್ತೆ," ಎಂದರು.

ಅನಂತರ ಅವರೇ ಹೇಳಿಕೊಟ್ಟರು. ಮೀನು ಕಚ್ಚುವುದನ್ನು ಕಾಯಬೇಡ, ದಾರವನ್ನು ನೋಡು. ಜಿಗ್ ಇಳಿಯುವವರೆಗೆ ದಾರ ಓಡುತ್ತದೆ, ತಳ ಮುಟ್ಟಿದಾಗ ಸಡಿಲವಾಗುತ್ತದೆ. ತಳ ಎಲ್ಲಿದೆಯೆಂದು ನಿನಗೆ ಗೊತ್ತು. ಅದಕ್ಕಿಂತ ಮೊದಲೇ ದಾರ ನಿಂತರೆ, ನಿಲ್ಲಿಸಿದವರು ಯಾರು?

ಆ ಸಂಜೆಗಳಲ್ಲೊಂದರಂದು ನನ್ನ ದಾರ ನಡುನೀರಿನಲ್ಲಿ ನಿಂತಿತು. ಕೈಗೆ ಏನೂ ತಿಳಿಯಲಿಲ್ಲ. ನಂಬಿಕೆಯಿಲ್ಲದೆಯೇ ಎಳೆದೆ. ಗಾಳದ ಕೋಲು ಬಿಲ್ಲಾಯಿತು. ಖಾಲಿ ನೀರು ಎದ್ದು ನನ್ನ ತೋಳನ್ನು ಹಿಡಿದುಕೊಂಡಿತೆಂಬಂತೆ ನಾನು ಉಸಿರು ಮರೆತು ನಿಂತೆ. ಆಮೇಲೆ ಆ ಡಬ್ಬಿಯನ್ನು ನಾನು ಕೇಳಲೇ ಇಲ್ಲ. ಹುಟ್ಟು ಹಾಕುವ ಹೆಂಗಸಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂಬ ಪ್ರಶ್ನೆ ಬಂದದ್ದುಂಟು. ಗಂಡನಿಂದ ಕಲಿತಿರಬೇಕೆಂದು ಸಮಾಧಾನ ಮಾಡಿಕೊಂಡೆ.

ಗಿರಾಕಿಗಳಿಲ್ಲದ ಒಂದು ಬೆಳಗ್ಗೆ ಮಾವನೂ ನಾನೂ ನೀರಿನಲ್ಲಿ ಮುಳುಗಿದ್ದ ಮರವೊಂದರ ಬಳಿ ಹೋದೆವು. ಹುಟ್ಟು ಹಾಕುವವನು ಹಿಂಬದಿಗೆ ಮುಖ ಮಾಡಿ ಕೂರುವುದರಿಂದ ಮಾವ ನನ್ನೆದುರೇ ಇದ್ದರು. ಜಿಗ್ ಎಸೆದು, ಅಧ್ಯಕ್ಷರ ಹೊಟ್ಟೆಗೂ ಅವರ ಅಂಗಡಿಯ ಟೈರುಗಳಿಗೂ ಇರುವ ಹೋಲಿಕೆಯನ್ನು ವರ್ಣಿಸುತ್ತಿದ್ದರು. ಓಡುತ್ತಿದ್ದ ದಾರ ತಟ್ಟನೆ ನಿಂತಿತು. ಬಳಿಕ ಗಾಳಿಗೆ ಎದುರಾಗಿ ಪಕ್ಕಕ್ಕೆ ಸರಿಯಿತು. ಮಾವ ಮಾತು ಮುಂದುವರಿಸಿದರು. ದಾರ ಇನ್ನೂ ಸರಿದು, ನಡುಗಿ, ಜೋತುಬಿತ್ತು. ಮೀನು ಉಗುಳಿ ಹೋಗಿತ್ತು. ನನ್ನನ್ನು ಪರೀಕ್ಷಿಸುತ್ತಿದ್ದಾರೆಯೇ ಎಂದು ಅವರ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಇನ್ನೊಮ್ಮೆಯೂ ಹಾಗೆಯೇ ಆದಾಗ ನಾನು ದೋಣಿಯನ್ನು ಕಟ್ಟೆಯತ್ತ ತಿರುಗಿಸಿದೆ.

ಮಧ್ಯಾಹ್ನ ಮಾವ ಮಲಗಿದ ಮೇಲೆ ಅತ್ತೆಗೆ ಹೇಳಿದೆ. ಅವರು ಕಟ್ಟುತ್ತಿದ್ದ ಜಿಗ್ಗನ್ನು ಮೇಜಿನ ಮೇಲಿಟ್ಟು, ಮೊದಲು ಒಳಗಿನ ಬಾಗಿಲನ್ನು ಮುಚ್ಚುವಂತೆ ಸನ್ನೆ ಮಾಡಿದರು.

"ಅವರ ಬೆರಳು ಸತ್ತು ವರ್ಷಗಳಾಯ್ತು," ಎಂದರು. "ಸಕ್ಕರೆ ಕಾಯಿಲೆ. ಒಂದಿನ ಒಲೆ ಮೇಲಿನ ಪಾತ್ರೆ ಹಿಡ್ಕೊಂಡು ನಿಂತಿದ್ರು. ಚರ್ಮ ಸುಟ್ಟ ವಾಸನೆ ಬಂತು. ನಾನೇ ಓಡಿ ಬಂದು ಕಿತ್ಕೊಂಡೆ."

"ಮತ್ತೆ ಇಷ್ಟು ವರ್ಷ ಮೀನು?"

"ಅವರು ಬೆರಳನ್ನೇ ನಂಬಿದವರು, ದಾರ ನೋಡೋದು ಕಲೀಲೇ ಇಲ್ಲ. ದಾರ ನಿಂತಾಗ ನಾನು ಕೆಮ್ತಿದ್ದೆ."

ಅತ್ತೆಯ ಕೆಮ್ಮು ಇಡೀ ಸರೋವರಕ್ಕೆ ಪ್ರಸಿದ್ಧವಾಗಿತ್ತು. ಗಿರಾಕಿಗಳು ತಂದುಕೊಟ್ಟ ಸಿರಪ್ಪಿನ ಸೀಸೆಗಳು ಅಂಗಡಿಯ ಒಂದು ಹಲಗೆಯನ್ನೇ ಆಕ್ರಮಿಸಿದ್ದವು; ಅಧ್ಯಕ್ಷರಂತೂ ಪ್ರತಿ ವರ್ಷ ಜೇನು ತಂದುಕೊಡುತ್ತಿದ್ದರು. ಎಲ್ಲರೂ ಕೋಲು ಹಿಡಿದ ಕೈಯನ್ನೇ ನೋಡುತ್ತಿದ್ದುದರಿಂದ, ಕೆಮ್ಮಿನ ಬೆನ್ನಿಗೇ ಮೀನು ಬರುವುದನ್ನು ಯಾರೂ ಗಮನಿಸಿರಲಿಲ್ಲ. ನೀವೇ ಏಕೆ ಕೋಲು ಹಿಡಿಯಬಾರದಿತ್ತು ಎಂದು ಕೇಳಿದೆ.

"ಕೋಲು ಕೈಲಿದ್ರೆ ಅವರು ಮನುಷ್ಯರ ಹಾಗಿರ್ತಾರೆ," ಎಂದರು ಅತ್ತೆ. "ಅಧ್ಯಕ್ಷರು ಬಂದ ದಿನ ನೀನು ಕೆಮ್ಮು. ಇಲ್ಲಾಂದ್ರೆ ಈ ಕಾಲು ಎಳ್ಕೊಂಡು ನಾವು ಎಲ್ಲಿಗೆ ಹೋಗೋದು?"

ನನ್ನ ದಾರವನ್ನೇ ನಾನು ಇನ್ನೂ ಪೂರ್ತಿ ನಂಬುತ್ತಿರಲಿಲ್ಲ. ಆದರೂ ಆಗಲಿ ಎಂದೆ.

ಆ ದಿನ ಮೋಡ ಕವಿದ ಬೆಳಗು. ಅಧ್ಯಕ್ಷರು ನನ್ನ ಬೆನ್ನ ಹಿಂದೆ ದೋಣಿಯ ಮೂತಿಯಲ್ಲಿ, ಮಾವ ನನ್ನೆದುರು ಹಿಂಬದಿಯಲ್ಲಿ. ಮೊದಲ ಸಲ ದಾರ ಸಡಿಲವಾದಂತೆ ಕಂಡು ಕೆಮ್ಮಿದೆ. ಮಾವ ಬಲವಾಗಿ ಎಳೆದರು. ಒಂದು ಕಂತೆ ಜೊಂಡು ಬಂತು. ಅನಂತರ ಒಮ್ಮೆ ಅನುಮಾನದಲ್ಲಿ ಕೆಮ್ಮದೆ ಉಳಿದೆ. ದಾರ ಸರಿದು ಜೋತುಬಿದ್ದದ್ದನ್ನು ಕಂಡು ನಾಲಿಗೆ ಕಚ್ಚಿಕೊಂಡೆ. ಕಟ್ಟೆಯ ಸಂಜೆಗಳನ್ನು ನೆನೆದೆ. ಅನುಮಾನ ಬೇಡ, ಭಯ ಬೇಡ, ದಾರವೊಂದೇ ಸಾಕು ಎಂದು ನಿಶ್ಚಯಿಸಿ ಕಣ್ಣು ನೆಟ್ಟೆ.

ಮುಳುಗಿದ ಮರದ ಪಕ್ಕದಲ್ಲಿ ದಾರ ತಳ ಮುಟ್ಟುವ ಮೊದಲೇ ನಿಂತಿತು. ಈ ಸಲ ಸಂಶಯವೇ ಇರಲಿಲ್ಲ. ಕೆಮ್ಮಿದೆ.

"ಹೊಸಬನಿಗೂ ಕೆಮ್ಮು ಹತ್ತಿತಾ? ಈ ದೋಣಿಯಲ್ಲೇ ಏನೋ ಇದೆ," ಎಂದು ಅಧ್ಯಕ್ಷರು ಹೇಳಿ ಮುಗಿಸುವ ಮುನ್ನ ಮಾವನ ಕೋಲು ಬಾಗಿ ತುದಿ ನೀರು ಮುಟ್ಟಿತ್ತು.

ಅಂಥ ಬಾಸ್ ಮೀನನ್ನು ನಾನು ಮತ್ತೆಲ್ಲಿಯೂ ಕಂಡಿಲ್ಲ. ಮಾವ ಅದರ ಕೆಳದುಟಿಯನ್ನು ಹೆಬ್ಬೆರಳಿನಿಂದ ಹಿಡಿದು ಮೇಲೆತ್ತಿದರು. ಮೀನು ಒಮ್ಮೆ ಜಾಡಿಸಿ ಕೊಡವಿತು, ಬಳಿಕ ಸ್ತಬ್ಧವಾಯಿತು. "ನೋಡಿ ಅಧ್ಯಕ್ಷರೇ," ಎಂದು ಮಾವ ನಗುತ್ತ ಅದನ್ನು ಮುಂದೆ ಹಿಡಿದರು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ.

ಆಗ ಅವರ ತೋಳಿನ ಮೇಲೆ ಕೆಂಪು ಗೆರೆಯೊಂದು ಇಳಿಯಿತು. ಮೀನಿನ ಬಾಯಿಂದ ಕಳಚಿದ ಕೊಕ್ಕೆ ಮಾವನ ಹೆಬ್ಬೆರಳ ಬುಡದ ಮಾಂಸವನ್ನು ಹೊಕ್ಕು, ಮೊನೆ ಆಚೆ ಬದಿಯಲ್ಲಿ ಹೊರಬಂದಿತ್ತು. ಸೀಸದ ತಲೆ ಅಂಗೈಯಿಂದ ಒಡವೆಯಂತೆ ತೂಗುತ್ತಿತ್ತು. ರಕ್ತ ಮೊಣಕೈಯಿಂದ ಹಲಗೆಯ ಮೇಲೆ ಟಪಟಪ ಬೀಳುತ್ತಿತ್ತು. ಮಾವ ಇನ್ನೂ ನಗುತ್ತಿದ್ದರು.

"ಮಾವ, ನಿಮ್ಮ ಕೈ," ಎಂದರು ಅಧ್ಯಕ್ಷರು.

ಮಾವ ನೋಡಿದರು. ನೋಡಿದ್ದು ಇನ್ನೊಂದು ಕೈಯನ್ನು.

ಮೀನು ಜಾರಿ ನೀರಿಗೆ ಹೋಯಿತು. ಯಾರೂ ಅದರತ್ತ ತಿರುಗಲಿಲ್ಲ. ನಾನು ಹುಟ್ಟು ಹಾಕಿದೆ. ದಾರಿಯಲ್ಲಿ ಮಾವನೇ ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿಬಿಟ್ಟರು. ದಾರ ನೋಡಿ ಕೆಮ್ಮುತ್ತಿದ್ದವಳು ಹೆಂಡತಿ, ಎಳೆಯುತ್ತಿದ್ದವನು ಮಾತ್ರ ತಾನು ಎಂದರು. ಕಟ್ಟೆಯಲ್ಲಿ ಅಧ್ಯಕ್ಷರು ಇಕ್ಕಳ ತೆಗೆದುಕೊಂಡು ಕೊಕ್ಕೆಯ ಮೊನೆಯನ್ನು ತಾವೇ ಕತ್ತರಿಸಿ ಉಳಿದದ್ದನ್ನು ಹೊರಗೆಳೆದರು. ಯಾರದೋ ಚಪ್ಪಲಿ ರಿಪೇರಿಯಾಗುವುದನ್ನು ನೋಡುವಂತೆ ಮಾವ ನೋಡುತ್ತಿದ್ದರು.

"ಕೊಕ್ಕೆ ಎಲ್ಲಿ ಚುಚ್ಚಿದೆ ಅಂತ ಗೊತ್ತಾಗದವರ ಕೈಗೆ ದೋಣಿ, ಅದರಲ್ಲಿ ಜನ. ಕೊಡೋಕಾಗಲ್ಲ ಮಾವ," ಎಂದರು. "ಇವತ್ತೇ ಡಾಕ್ಟರ ಹತ್ರ ಹೋಗಿ."

ಮಾವ ತಲೆಯಾಡಿಸಿದರು. ಅತ್ತೆಯ ಕಣ್ಣು ಗಂಡನ ಮುಖದ ಮೇಲಿತ್ತು. ಏನನ್ನೋ ಕೇಳುವಂತೆ ಬಹಳ ಹೊತ್ತು ನೋಡಿದರು. ಮಾವ ಗಾಯವಾಗದ ಕೈಯಿಂದ ಕೋಲನ್ನೆತ್ತಿ, ಹೊಸ ಜಿಗ್ ಕಟ್ಟುವಂತೆ ನನಗೆ ಹೇಳಿ, ಕಟ್ಟಿದ ಮೇಲೆ ಅದನ್ನು ಹೆಂಡತಿಯ ಮಡಿಲಿಗಿಟ್ಟರು. ಅಷ್ಟು ವರ್ಷಗಳಲ್ಲಿ ಅತ್ತೆ ಕೋಲು ಹಿಡಿದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಅತ್ತೆ ಕಟ್ಟೆಯ ಅಂಚಿಗೆ ಎಳೆಸಿಕೊಂಡ ಕುರ್ಚಿಯಿಂದಲೇ ಎಸೆದರು. ದಾರದಿಂದ ಕಣ್ಣು ತೆಗೆಯದೆ ಒಂದೊಂದೇ ಮಾತು ಆಡಿದರು.

"ಕಲ್ಲು. ಜೊಂಡು. ಮತ್ತೆ ಕಲ್ಲು. ಮೀನು." ಕೋಲು ಅಲುಗಲಿಲ್ಲ. "ಉಗುಳ್ತು."

"ಎಳೀಬೇಕಿತ್ತಲ್ಲ?" ಎಂದರು ಅಧ್ಯಕ್ಷರು.

"ಮರಿ ಅದು. ಬೆಳೀಲಿ."

ನೋಡದ ಮೀನಿನ ವಯಸ್ಸನ್ನು ಹೇಳುವುದಾದರೆ ತಾನೂ ಹೇಳಬಲ್ಲೆನೆಂದು ಅಧ್ಯಕ್ಷರು ಚುಚ್ಚಿದರು. ಅತ್ತೆ ಮತ್ತೆ ಅಲ್ಲಿಗೇ ಎಸೆದು, ಕಾದು, ಮಣಿಕಟ್ಟನ್ನು ಒಂದಿಷ್ಟೇ ತಿರುವಿದರು. ಅಂಗೈಯಗಲದ ಬಾಸ್ ಮರಿಯೊಂದು ಒದ್ದಾಡುತ್ತ ಕಟ್ಟೆಯ ಮೇಲೆ ಬಿತ್ತು. ಮುಂಜಾನೆಯ ಆ ದೈತ್ಯಮೀನಿಗೆ ತೆರೆಯದಷ್ಟು ಅಧ್ಯಕ್ಷರ ಬಾಯಿ ಈ ಮರಿಗೆ ತೆರೆಯಿತು.

ಅವರು ಕೇಳಿದ್ದು ಒಂದೇ ಪ್ರಶ್ನೆ.

"ಹಾಗಾದ್ರೆ ನಾನು ತಂದ ಜೇನು?"

"ಬ್ರೆಡ್ಡಿಗೆ ಹಚ್ಕೊಂಡ್ವಿ. ಚೆನ್ನಾಗಿತ್ತು," ಎಂದರು ಅತ್ತೆ.

ಅನುಮತಿ ಅತ್ತೆಯ ಹೆಸರಿಗಾಯಿತು. ಮಾವ ಕೊಕ್ಕೆ ಮುಟ್ಟಕೂಡದು, ದೋಣಿಯಲ್ಲಿದ್ದರೆ ಹುಟ್ಟಿನ ಬಳಿ ಮಾತ್ರ, ಅದೂ ಕೈಗವಸು ತೊಟ್ಟು ಎಂಬುದು ಷರತ್ತು. ಅತ್ತೆಯ ಪ್ಲಾಸ್ಟರ್ ಬಿಚ್ಚುವವರೆಗೆ, ಮಾವನ ಗಾಯ ಮಾಯುವವರೆಗೆ ನಾನು ಉಳಿದೆ. ಮಾವ ಆ ದಿನಗಳಲ್ಲಿ ಮಾತು ಕಡಿಮೆ ಮಾಡಿದ್ದರು. ಒಂದು ಬೆಳಗ್ಗೆ ನಾನು ದೋಣಿಯ ಬಳಿ ಬಂದಾಗ, ದಪ್ಪ ಕೈಗವಸು ತೊಟ್ಟು, ಹುಟ್ಟುಗಳನ್ನು ಹಿಡಿದು, ನನ್ನ ಜಾಗದಲ್ಲಿ ಅವರು ಕುಳಿತಿದ್ದರು. ಎದುರಿಗೆ ಅತ್ತೆ. ಮಾವ ನನ್ನನ್ನು ನೋಡಿ, ತಪ್ಪು ಮಾಡಿದವರಂತೆ ನಕ್ಕರು. ಆ ದೋಣಿಗೆ ಇಬ್ಬರೇ ಸಾಕಾಗಿತ್ತು.

ಒಳಗೆ ಹೋಗಿ ಎರಡು ಅಂಗಿ, ಒಂದು ಕಂಬಳಿ, ರಟ್ಟು ಹರಿದ ಕಾದಂಬರಿಗಳನ್ನು ಚೀಲಕ್ಕೆ ತುಂಬಿದೆ. ಹೊರಬಂದು ಹೋಗಿ ಬರುತ್ತೇನೆಂದು ಕಟ್ಟೆಯಿಂದ ಕೂಗಿದೆ. ದೋಣಿ ಸ್ವಲ್ಪ ದೂರದಲ್ಲಿತ್ತು. ಅಷ್ಟು ಜೋರಾಗಿ ಹುಟ್ಟು ಹಾಕಿದರೆ ಮೀನು ಊರು ಬಿಟ್ಟಾವು ಎಂದು ಅತ್ತೆ ಗಂಡನನ್ನು ಗದರಿಸುತ್ತಿದ್ದರು. ಇಬ್ಬರ ಕಣ್ಣೂ ದಾರದ ಮೇಲಿತ್ತು. ಮತ್ತೊಮ್ಮೆ ಕೂಗುವುದು ಸರಿಯಲ್ಲವೆನಿಸಿ, ಚೀಲವನ್ನು ಹೆಗಲಿಗೇರಿಸಿ ಬಸ್ಸಿನ ರಸ್ತೆ ಹಿಡಿದೆ.