ಮೆಷಿನ್ ಟೈಮು, ಮನುಷ್ಯರ ಟೈಮು

ನಮ್ಮ ಮೆಷಿನ್ನಿಗೆ ಸುಳ್ಳು ಹೇಳುವ ಚಾಳಿ. ಉಕ್ಕಿನ ಅಚ್ಚು ಕೊರೆಯುವ ಸಿಎನ್‌ಸಿ ಮೆಷಿನ್ ಅದು. ಕೆಲಸ ಮುಗಿಯಲು ಇನ್ನೆಷ್ಟು ಹೊತ್ತು ಬೇಕು ಎಂದು ಪರದೆಯ ಮೇಲೆ ತೋರಿಸುತ್ತದೆ. ಅದರ ಸಾಫ್ಟ್‌ವೇರ್ ಬರೆದ ಪುಣ್ಯಾತ್ಮ ದೂರವನ್ನು ವೇಗದಿಂದ ಭಾಗಿಸಿ ಕೈತೊಳೆದುಕೊಂಡಿದ್ದಾನೆ. ತಿರುವು ಬಂದಲ್ಲೆಲ್ಲ ಮೆಷಿನ್ ನಿಧಾನವಾಗಬೇಕು, ನಡುನಡುವೆ ಟೂಲ್ ಬದಲಿಸಿಕೊಳ್ಳಬೇಕು, ಇದ್ಯಾವುದೂ ಅವನ ತಲೆಗೇ ಹೋಗಿಲ್ಲ. ಒಂದು ಗಂಟೆ ಎಂದು ತೋರಿಸಿದರೆ ಒಂದೂವರೆ ಗಂಟೆ ಹಿಡಿಯುತ್ತದೆ.

ಈ ಲೆಕ್ಕ ಕಂಡುಹಿಡಿದವನು ನನ್ನ ಅಣ್ಣ. ಆ ಮೆಷಿನ್ ಮೇಲೆ ನನಗೆ ಕೆಲಸ ಕಲಿಸಿದವನೂ ಅವನೇ. ಅದು ಏನಾದರೂ ಹೇಳಲಿ, ನೀನು ಒಂದೂವರೆಯಿಂದ ಗುಣಿಸಿಕೋ ಎನ್ನುತ್ತಿದ್ದ. ನಾನೆಲ್ಲಿ ಗುಣಿಸಬೇಕು? ಪರದೆಯಲ್ಲಿ ಇದ್ದದ್ದನ್ನೇ ಮನೆಗೆ ಫೋನಿನಲ್ಲಿ ಒದರುತ್ತಿದ್ದೆ, ಬಡಿಸಿಟ್ಟ ಊಟ ಆರಿ ತಣ್ಣಗಾಗುತ್ತಿತ್ತು. ಕೊನೆಗೆ ಅತ್ತಿಗೆಯೇ ಗುಣಿಸಲು ಕಲಿತರು. ನಾನು ಅರ್ಧ ಗಂಟೆ ಎಂದರೆ, ಇದು ಮೆಷಿನ್ ಟೈಮಾ ಮನುಷ್ಯರ ಟೈಮಾ ಎಂದು ಛೇಡಿಸುತ್ತಿದ್ದರು. ಮನೆಯಲ್ಲಿ ಅದು ಮುಗಿಯದ ತಮಾಷೆಯಾಗಿತ್ತು.

ಐದು ವರ್ಷದ ಹಿಂದೆ ನಾನು ಒಂದು ಅಂಕಿ ತಪ್ಪಾಗಿ ಒತ್ತಿದ್ದಕ್ಕೆ ಮೆಷಿನ್ನಿನ ತಲೆ ಹೋಗಿ ಮೇಜಿಗೆ ಗುದ್ದಿ ಮುರಿಯಿತು. ಯಾರ ಕೆಲಸ ಇದು ಎಂದು ಮಾಲೀಕರು ಕೂಗಾಡಿದಾಗ ನನ್ನ ನಾಲಿಗೆ ಬಿದ್ದುಹೋಗಿತ್ತು. ಅಣ್ಣ ನಾನೇ ಅಂದುಬಿಟ್ಟ. ಫೋರ್‌ಮನ್ ಆಗಬೇಕಿದ್ದವನನ್ನು ಗ್ರೈಂಡಿಂಗ್ ಕೋಣೆಗೆ ತಳ್ಳಿದರು. ಅಲ್ಲಿನ ಧೂಳು ಕುಡಿದೂ ಕುಡಿದೂ ಅವನ ಶ್ವಾಸಕೋಶ ಕೆಟ್ಟಿತು. ನನ್ನ ತಪ್ಪು ಅಣ್ಣ, ಕ್ಷಮಿಸು ಎಂದು ಒಂದು ಮಾತು ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೇ ಐದು ವರ್ಷ ತಳ್ಳಿದೆ, ಮಾನಗೆಟ್ಟವನು.

ಆವತ್ತು ಮಧ್ಯಾಹ್ನ ಆಸ್ಪತ್ರೆಯಿಂದ ಅತ್ತಿಗೆ ಫೋನ್ ಮಾಡಿದರು. ಅಣ್ಣನಿಗೆ ಉಸಿರು ಸಾಲುತ್ತಿಲ್ಲ, ಗಂಟಲಿಗೆ ಕೊಳವೆ ಹಾಕಿ ನಿದ್ದೆ ಬರಿಸುತ್ತಾರಂತೆ. ಆಮೇಲೆ ಮಾತಿಲ್ಲ, ಮತ್ತೆ ಏಳುವ ಭರವಸೆಯೂ ಇಲ್ಲವಂತೆ. ಹೆಚ್ಚೆಂದರೆ ಎರಡು ಗಂಟೆ ಕಾಯಬಹುದು ಎಂದಿದ್ದರಂತೆ ಡಾಕ್ಟರು. ಎಷ್ಟೊತ್ತಿಗೆ ಬರುತ್ತೀಯ ಎಂದು ಅತ್ತಿಗೆ ಕೇಳಿದರು.

ಮೆಷಿನ್ ಕೊನೆಯ ನಯಗೆಲಸದಲ್ಲಿತ್ತು. ಆ ಹಂತದಲ್ಲಿ ನಿಲ್ಲಿಸಿದರೆ ಅಚ್ಚಿನ ಮೈಮೇಲೆ ಗೆರೆ ಉಳಿಯುತ್ತದೆ, ಒಂದು ವಾರದ ಕೆಲಸ ಗುಜರಿಗೆ. ಓಡುವ ಮೆಷಿನ್ ಬಿಟ್ಟು ಹೋಗೋಣವೆಂದರೆ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಏನೇ ಆಗಲಿ ಅಲ್ಲಿ ನಿಲ್ಲಿಸಬೇಡ ಎಂದು ಕಲಿಸಿದವನೂ ಅಣ್ಣನೇ. ಪರದೆ ಐವತ್ತು ನಿಮಿಷ ಎನ್ನುತ್ತಿತ್ತು. ಜನ್ಮದಲ್ಲಿ ಮೊದಲ ಸಲ ಗುಣಿಸಿದೆ. ಒಂದೂಕಾಲು ಗಂಟೆ, ದಾರಿಗೆ ಕಾಲು ಗಂಟೆ.

"ಒಂದೂವರೆ ಗಂಟೆ ಅತ್ತಿಗೆ, ಬಂದೇಬಿಡ್ತೀನಿ" ಎಂದೆ.

ಮೆಷಿನ್ ಟೈಮಾ ಎಂದು ಅತ್ತಿಗೆ ಕೇಳಲಿಲ್ಲ. ಅಂಥ ಹೊತ್ತಿನಲ್ಲಿ ಯಾರು ತಾನೆ ಕೇಳುತ್ತಾರೆ? ನಾನಾಗಿಯೂ ಹೇಳಲಿಲ್ಲ.

ಮೆಷಿನ್ ನನ್ನ ಲೆಕ್ಕಕ್ಕಿಂತ ಒಂದು ನಿಮಿಷವೂ ಹೆಚ್ಚು ತೆಗೆದುಕೊಳ್ಳಲಿಲ್ಲ. ಎಣ್ಣೆಗೈಯಲ್ಲೇ ಓಡಿ, ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದೆ. ಅತ್ತಿಗೆ ಬೆಂಚಿನ ಮೇಲೆ ಕುಳಿತಿದ್ದರು. ಅಣ್ಣನ ಕನ್ನಡಕ ಅವರ ಮಡಿಲಲ್ಲಿತ್ತು. ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು.

"ಇಷ್ಟು ಬೇಗ ಹೇಗೆ ಬಂದೆ?"

ನಾನು ಒಂದೂವರೆ ಗಂಟೆ ಎಂದದ್ದನ್ನು ಅವರು ಅಣ್ಣನಿಗೆ ಹೇಳಿದ್ದರು. ಅವನು ಮಾಸ್ಕ್ ಸರಿಸಿ, ಆ ಸ್ಥಿತಿಯಲ್ಲೂ ನಕ್ಕನಂತೆ. "ಅವನ ಒಂದೂವರೆ ಅಂದ್ರೆ ಎರಡೂಕಾಲು ಕಣೇ. ಡಾಕ್ಟ್ರು ಹೇಳಿರೋದೇ ಎರಡು. ಸುಮ್ನೆ ಯಾಕೆ ಒದ್ದಾಡೋದು, ಹಾಕ್ಬಿಡ್ಲಿ." ಅತ್ತಿಗೆಯೂ ಗುಣಿಸಿ ನೋಡಿ ಹೂಂ ಎಂದಿದ್ದರು. ಕೊಳವೆ ಹಾಕಿ ಆಗಲೇ ಒಂದು ಗಂಟೆಯಾಗಿತ್ತು.

ಒಳಗೆ ಹೋದೆ. ಅಣ್ಣನ ಬಾಯಿಗೆ ಕೊಳವೆಯ ಸಮೇತ ಪ್ಲಾಸ್ಟರ್ ಅಂಟಿಸಿದ್ದರು. ಕಿವಿಯ ಹತ್ತಿರ ಬಗ್ಗಿ, ಆವತ್ತು ಅಂಕಿ ತಪ್ಪು ಒತ್ತಿದ್ದು ನಾನು, ಕ್ಷಮಿಸಣ್ಣ ಎಂದೆ. ಅವನಿಗೆ ಗೊತ್ತಿಲ್ಲದ ವಿಷಯವೇ? ನನ್ನ ಬಾಯಿಂದ ಕೇಳಬೇಕಿತ್ತು, ಅಷ್ಟೆ. ಮೂರು ಸಲ ಹೇಳಿದೆ. ಪಕ್ಕದ ಯಂತ್ರ ಅವನ ಪರವಾಗಿ ಉಸಿರಾಡುತ್ತಿತ್ತು. ಅವನ ಒಂದು ರೆಪ್ಪೆಯೂ ಅಲುಗಲಿಲ್ಲ.

ಹೊರಗೆ ಬಂದಾಗ ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು.

"ನೀನು ಹೇಳಿದ್ದು ಮೆಷಿನ್ ಟೈಮೇ ತಾನೆ?"

ಅಲ್ಲ ಎಂದರೆ ಆ ಹೆಣ್ಣುಜೀವ ಬದುಕಿರುವವರೆಗೂ ಕೊರಗುತ್ತದೆ. ತಲೆಯಾಡಿಸಿದೆ.

"ಹೌದು ಅತ್ತಿಗೆ, ಮೆಷಿನ್ ಟೈಮೇ. ನೀವು ಗುಣಿಸಿದ್ದು ಸರಿಯಾಗೇ ಇತ್ತು. ತಡ್ಕೊಳೋಕೆ ಆಗ್ಲಿಲ್ಲ, ಮಧ್ಯದಲ್ಲೇ ನಿಲ್ಲಿಸಿ ಬಂದ್ಬಿಟ್ಟೆ."

ಅತ್ತಿಗೆ ನನ್ನ ಎಣ್ಣೆಗೈ ಹಿಡಿದುಕೊಂಡು ಅತ್ತರು. ಅಣ್ಣನಿಗಾಗಿ ಕೆಲಸ ಹಾಳಾದರೂ ಆಗಲಿ ಎಂದು ಬಂದೆಯಲ್ಲ, ನಿಮ್ಮಣ್ಣನಿಗೆ ಅಷ್ಟೇ ಸಾಕು ಎಂದರು. ಅತ್ತ ವರ್ಕ್‌ಶಾಪಿನ ಮೇಜಿನ ಮೇಲೆ ಆ ಅಚ್ಚು ಮುಗಿದು ಕುಳಿತಿತ್ತು. ಅದರ ಮೈಮೇಲೆ ಒಂದು ಗೆರೆಯೂ ಇರಲಿಲ್ಲ.