ಕಳಿಸಿಕೊಡಲು ಎದ್ದವನು

ರುಯೆಲ್‌ನ ಹೃದಯ ನಿಂತುಹೋಯಿತೆಂದು ಮನೆಯವರು ಊರಿಗೆಲ್ಲ ಹೇಳಿದ್ದರು. ಸುಳ್ಳೇನಲ್ಲ, ಎಲ್ಲರದೂ ಕೊನೆಗೆ ನಿಲ್ಲುವುದೇ. ಆದರೆ ಅವನು ತಾನಾಗಿಯೇ ಜೀವ ಕಳೆದುಕೊಂಡ ಎಂಬುದು ತಾಯಿ ಚಾರಿಂಗ್‌ಗೆ ಗೊತ್ತಿತ್ತು. ಫಿಲಿಪ್ಪೀನ್ಸಿನ ಇಲೊಯ್ಲೊ ನಗರದಲ್ಲಿ ಅವನೊಂದಿಗೆ ವರ್ಷಗಟ್ಟಲೆ ಸಂಸಾರ ಮಾಡಿದ ಡೆಲ್ಫಿನ್‌ಗೂ ಗೊತ್ತಿತ್ತು. ಊರಿನ ಪಾಲಿಗೆ ಡೆಲ್ಫಿನ್ ಬರೀ ರೂಮ್‌ಮೇಟ್.

ಅಂಗಳದ ಟಾರ್ಪಾಲಿನ ಕೆಳಗೆ, ಹೆಣ ಕಾಯಲು ಬಂದವರ ಇಸ್ಪೀಟು ಅಲ್ಲಿನ ರೂಢಿಯಂತೆ ನಡೆದಿತ್ತು. ಶವಪೆಟ್ಟಿಗೆ ಒಳಗೆ ಹಜಾರದಲ್ಲಿತ್ತು. ಡೆಲ್ಫಿನ್ ಬಂದವರ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಡಿದು, ಬಿಸ್ಕತ್ತನ್ನು ಕಾಫಿಗೆ ಅದ್ದುತ್ತ, ಬಾಗಿಲಿನಾಚೆ ಕೂತ ಚಾರಿಂಗ್‌ಳನ್ನೇ ನೋಡುತ್ತಿದ್ದ. ಇವಳಿಗೆ ನನ್ನ ವಿಷಯ ಎಷ್ಟು ಗೊತ್ತು? ಮಗ ಏನಾದರೂ ಹೇಳಿದ್ದನೇ? ಕುತೂಹಲ ಪಟ್ಟು ಬಿಡುತ್ತಿರಲಿಲ್ಲ. ರೂಮ್‌ಮೇಟ್ ಆದವನು ಎಷ್ಟು ಅಳಬಹುದೋ, ಅದೂ ತಿಳಿಯದು.

ಪಕ್ಕದ ಮನೆಯ ಲೋಲೆಂಗ್ ಕಾಫಿ ಬಗ್ಗಿಸುತ್ತ ಕೆಣಕಿದಳು. "ಒಂದೇ ರೂಮಲ್ಲಿದ್ರಲ್ಲಪ್ಪ, ಅವ್ನು ಯಾವ ಹುಡ್ಗೀ ಸುದ್ದೀನೂ ಎತ್ತಲಿಲ್ವಾ? ನಿಂಗೂ ಮದುವೆ ಇಲ್ವಂತೆ. ಇಬ್ರೂ ಸೇರಿ ಏನ್ ಮಾಡ್ತಿದ್ರಿ?"

"ಅಡುಗೆ ಮಾಡ್ತಿದ್ವಿ ಚಿಕ್ಕಮ್ಮ."

ಇಸ್ಪೀಟಿನವರು ಕಿಸಕ್ಕನೆ ನಕ್ಕರು.

ಸಂಜೆ ಹೊತ್ತಿಗೆ ಇಲೊಯ್ಲೊದಲ್ಲಿ ಅವರಿಬ್ಬರಿದ್ದ ಬಾಡಿಗೆ ಮನೆಯ ಒಡತಿ ಬೆಲೆನ್ ಹೊರಡಲು ಎದ್ದಳು. ಮುದುಕಿಗೆ ಮಂಡಿನೋವು. ಡೆಲ್ಫಿನ್ ಹಿಂದುಮುಂದು ನೋಡದೆ ಅವಳ ಚೀಲ ಎತ್ತಿಕೊಂಡು ಗೇಟಿನತ್ತ ನಡೆದ.

"ಏಯ್, ನಿಲ್ಲು!" ಚಾರಿಂಗ್ ಒಳಗಿಂದ ಓಡಿಬಂದು ಅವನ ತೋಳು ಹಿಡಿದಳು. ಆಟ ನಿಂತಿತು. ಡೆಲ್ಫಿನ್, ಎಲ್ಲರೆದುರೇ ಹೊರಗೆ ಹಾಕುತ್ತಾಳೆ ಎಂದುಕೊಂಡ.

"ಬುದ್ಧಿ ಇದ್ಯೇನೋ ನಿಂಗೆ? ಸಾವಾದ ಮನೆಯವ್ರು ಬಂದೋರನ್ನ ಗೇಟಿನ ತನಕ ಕಳ್ಸೋಕೆ ಹೋಗ್ತಾರಾ? ಮನೆಗೆ ಇನ್ನೊಂದು ಸಾವು ತರ್ತೀಯಾ?"

"ಅಕ್ಕಾ, ಅವ್ನೂ ಬಂದೋನೇ ಅಲ್ವಾ?" ಎಂದಳು ಲೋಲೆಂಗ್.

"ಬಂದೋಳು ನೀನು. ನಿಂಗೇನೂ ಆಗಲ್ಲ, ಚೀಲ ತಗೊಂಡು ಕಳಿಸ್ಕೊಟ್ಟು ಬಾ."

ಲೋಲೆಂಗ್ ಚೀಲ ತೆಗೆದುಕೊಂಡು ಹೋದಳು. ಚಾರಿಂಗ್ ಡೆಲ್ಫಿನ್‌ನನ್ನು ಒಳಗೆ ಕರೆದೊಯ್ದು, ಪೆಟ್ಟಿಗೆಯ ಪಕ್ಕ ತನ್ನ ಬೆಂಚಿನಲ್ಲೇ ಕೂರಿಸಿಕೊಂಡಳು. ಆಮೇಲೆ ದನಿ ತಗ್ಗಿಸಿದಳು.

"ಆವತ್ತು ಬೆಳಿಗ್ಗೆ ಏನ್ ತಿಂದ?"

"ಅನ್ನ, ಒಣಮೀನು. ಎರಡನೇ ಸಲಾನೂ ಹಾಕಿಸ್ಕೊಂಡ."

"ನಗ್ತಿದ್ನಾ?"

"ನಗ್ತಿದ್ದ."

"ಮತ್ತೆ ಯಾಕೋ?"

"ನಂಗೂ ಗೊತ್ತಿಲ್ಲಮ್ಮಾ."

ಅಷ್ಟು ಹೇಳುವಷ್ಟರಲ್ಲಿ ಅವನ ಅಳುವಿನ ಕಟ್ಟೆ ಒಡೆಯಿತು. ಪೆಟ್ಟಿಗೆಯ ಗಾಜಿನ ಮುಚ್ಚಳದ ಮೇಲೆ ಕಣ್ಣೀರು ಬಿದ್ದರೆ ಹೋದವನ ದಾರಿ ಭಾರವಾಗುತ್ತದಂತೆ, ಬೀಳಬಾರದಲ್ಲ, ಚಾರಿಂಗ್ ಅವನ ತಲೆಯನ್ನು ತನ್ನ ಭುಜಕ್ಕೆ ಎಳೆದುಕೊಂಡಳು.