ಕೆನೆ ಬಣ್ಣದ ಸೀಟು

ನನ್ನ ತಮ್ಮ ಟೋರ್ಗ್ರಿಮ್ ಹೊಸ ಕಾರು ಕೊಂಡದ್ದೇ ತಪ್ಪಾಯಿತು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಹಳೆಯ ಕಾರಿದ್ದಾಗ ಈ ರಗಳೆಯೇ ಇರಲಿಲ್ಲ. ಅದರ ಸೀಟುಗಳ ಮೇಲೆ ಕಾಫಿ ಕಲೆ, ನಾಯಿಯ ಕೂದಲು, ಮೀನಿನ ವಾಸನೆ, ಎಷ್ಟೋ ಚಳಿಗಾಲಗಳ ಅಂಟುಮೇಣ ಎಲ್ಲವೂ ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದವು. ಹಿಮದ ಮೇಲೆ ಜಾರುವ ಉದ್ದನೆಯ ಹಲಗೆಗಳನ್ನು, ಅಂದರೆ ಸ್ಕೀಗಳನ್ನು, ಹಿಂದಿನ ಬಾಗಿಲಿನಿಂದ ತೂರಿಸಿ, ಮುಂದಿನ ಎರಡು ಸೀಟುಗಳ ನಡುವೆ ಮೂತಿ ಚಾಚುವಂತೆ ಮಲಗಿಸಿದರೆ ಮುಗಿಯಿತು. ಹೊಸ ಕಾರಿನದು ಕೆನೆ ಬಣ್ಣದ ಸೀಟು. ನಾನು ಹತ್ತುವ ಮೊದಲು ಎರಡೂ ಬೂಟು ಒದರಬೇಕು, ಒಳಗೆ ಕೂತು ಚೀಸ್ ಬ್ರೆಡ್ಡು ತಿನ್ನಬಾರದು. ಅವನಿಗಿಂತ ದೊಡ್ಡವಳು ನಾನು. ನನಗೇ ಈ ಕಾನೂನು!

ಅಂಟುಮೇಣದ ವಿಷಯ ಸ್ವಲ್ಪ ಹೇಳಬೇಕು. ಮಾರ್ಚ್‌ನಲ್ಲಿ ಹಿಮ ಹಗಲು ಕರಗಿ ರಾತ್ರಿ ಗಾಜಿನಂತೆ ಗಟ್ಟಿಯಾಗುತ್ತದೆ. ಆಗ ಸ್ಕೀಯ ಹೊಟ್ಟೆಗೆ, ಅಂದರೆ ಅಡಿಭಾಗಕ್ಕೆ, ಅದನ್ನು ಬಳಿಯದಿದ್ದರೆ ಏರು ಹತ್ತುವಾಗ ಕಾಲು ಹಿಂದಕ್ಕೆ ಜಾರುತ್ತದೆ. ಟ್ಯೂಬಿನಿಂದ ಹಿಂಡಿ, ಉರಿ ತೋರಿಸಿ, ಹೆಬ್ಬೆರಳಿನಿಂದ ತೆಳ್ಳಗೆ ಸವರಿ, ಆಮೇಲೆ ಹೊರಗಿನ ಚಳಿಯಲ್ಲಿಟ್ಟು ಬಿಗಿಯಾಗಿಸಬೇಕು. ಬಿಸಿ ಇರುವಾಗಲೇ ಹಿಮಕ್ಕಿಳಿಸಿದರೆ ಕೆಟ್ಟಿತು, ಹಿಮವೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಇನ್ನು ಬಟ್ಟೆಗೆ ಹತ್ತಿತೋ, ಆ ಬಟ್ಟೆಯ ಆಸೆ ಬಿಡಬೇಕು.

ಈ ಕೆಲಸದಲ್ಲಿ ಟೋರ್ಗ್ರಿಮ್‌ನನ್ನು ಮೀರಿಸುವವರು ನಮ್ಮ ಕಣಿವೆಯಲ್ಲಿ ಇರಲಿಲ್ಲ. ಅವನ ಮಗಳು ಸುನ್ನಿವಾ ಏಳು ವರ್ಷದವಳಿದ್ದಾಗಿನಿಂದ ಅವಳ ಸ್ಕೀಗೆ ಮೇಣ ಹಚ್ಚುವವನು ಅವನೇ. ಹದಿನೇಳಕ್ಕೆ ಬಂದ ಮೇಲೆ ಆ ಹುಡುಗಿ ಊಟದ ಮೇಜಿನಲ್ಲಿ ಅಪ್ಪನಿಗೆ "ಹ್ಞೂಂ", "ಉಹ್ಞೂಂ" ಬಿಟ್ಟು ಮೂರನೆಯ ಮಾತಾಡುತ್ತಿರಲಿಲ್ಲ. ಆದರೆ ನೆಲಮಾಳಿಗೆಗೆ ಇಳಿದು ಇಬ್ಬರೂ ಸ್ಕೀಯ ಮುಂದೆ ನಿಂತರೆ ಸಾಕು, ಗದ್ದಲ ಮೇಲಿನ ಮಹಡಿಯಲ್ಲಿದ್ದ ನನ್ನ ಕೋಣೆಗೂ ಕೇಳುತ್ತಿತ್ತು.

"ಏನ್ ಮುದ್ಕಪ್ಪ, ಬ್ರೆಡ್ಡಿಗೆ ಬೆಣ್ಣೆ ಹಚ್ತಿದ್ದೀಯಾ? ಇಷ್ಟ್ ದಪ್ಪ ಯಾಕೆ?"

"ನಿನ್ ಬಾಯಿಗ್ ಹಚ್ತೀನಿ ಇರು. ಸ್ವಲ್ಪ ಹೊತ್ತಾದ್ರೂ ಮುಚ್ಕೊಂಡಿರತ್ತೆ."

"ಕಣ್ಣು ಬೇರೆ ಕಾಣಲ್ಲ, ಮೂಲೆ ಬಿಟ್ಟಿದ್ದೀಯ ನೋಡು, ಕುರುಡ!"

ಹೀಗೆ ಬೈದಾಡಿಕೊಂಡೇ ಅವಳು ಶಾಲೆಯ ವಿಷಯ, ಗೆಳತಿಯ ವಿಷಯ, ಇಷ್ಟಪಟ್ಟ ಹುಡುಗ ತಿರುಗಿ ನೋಡದ ವಿಷಯ ಎಲ್ಲ ಅವನಿಗೆ ಹೇಳುತ್ತಿದ್ದಳು. ಮಗಳು ಕೈಗೆ ಸಿಗದೆ ದೂರವಾಗುತ್ತಿದ್ದ ಆ ದಿನಗಳಲ್ಲಿ ಅವನ ಪಾಲಿಗೆ ಉಳಿದಿದ್ದು ಆ ನೆಲಮಾಳಿಗೆಯೊಂದೇ. ಅದು ಅವನಿಗೂ ಗೊತ್ತಿತ್ತು.

ಆ ಶನಿವಾರ ಜಿಲ್ಲಾ ತಂಡಕ್ಕೆ ಆರಿಸುವ ಕೊನೆಯ ಪಂದ್ಯವಿತ್ತು, ಪಕ್ಕದ ಕಣಿವೆಯಲ್ಲಿ. ಮಕ್ಕಳೆಲ್ಲ ಹಿಂದಿನ ದಿನವೇ ಕ್ಲಬ್ಬಿನ ಬಸ್ಸಿನಲ್ಲಿ ಹೊರಟರು. ತರಬೇತುದಾರ ಒಡ್‌ವಾರ್ ಬಸ್ಸಿನ ಬಾಗಿಲಲ್ಲಿ ನಿಂತು, "ಟೋರ್ಗ್ರಿಮ್, ಸ್ಕೀನೂ ಕಳ್ಸಪ್ಪ. ಮುಚ್ಚೋ ಪೆಟ್ಟಿಗೆ ಇದೆ. ಮೇಣ ಅಲ್ಲೇ ಹಾಕ್ತೀವಿ" ಅಂದ.

"ನನ್ ಮಗಳ ಸ್ಕೀ ಇನ್ನೊಬ್ರು ಮುಟ್ಟೋದಾ? ನಾನೇ ತರ್ತೀನಿ ಬಿಡು."

ಸುನ್ನಿವಾ ಕಿಟಕಿಯಿಂದ ತಲೆ ಹಾಕಿ, "ಹೌದು ಸಾರ್, ನಮ್ ಮುದ್ಕಪ್ಪನ ಮೇಣನೇ ಬೇಕು ನಂಗೆ" ಎಂದು ನಕ್ಕಳು.

ಟೋರ್ಗ್ರಿಮ್ ಶನಿವಾರ ಬೆಳಗಿನ ಜಾವ ಎದ್ದು ಮೇಣ ಹಚ್ಚಿದ. ಅವಳ ತಾಯಿಗೆ ಆಸ್ಪತ್ರೆಯಲ್ಲಿ ಪಾಳಿ ಇದ್ದುದರಿಂದ ಜೊತೆಗೆ ಹೊರಟವಳು ನಾನು. ನೋಡಿದರೆ ಮಹಾರಾಯ ಸ್ಕೀಗಳನ್ನು ಹೊಟ್ಟೆ ಮೇಲೆ ಮಾಡಿ ಕಾರಿನ ಚಾವಣಿಗೆ ಕಟ್ಟುತ್ತಿದ್ದಾನೆ, ಮೇಲೊಂದು ಹೊದಿಕೆಯೂ ಇಲ್ಲದೆ.

"ಒಳಗಿಡೋ. ಹಳೇ ಪೇಪರ್ ಹಾಸಿದ್ರಾಯ್ತು."

"ಪೇಪರ್ ಜಾರಿದ್ರೆ? ಸೀಟಿಗೆ ಮೆತ್ಕೊಳತ್ತೆ ಅಕ್ಕ."

"ಹಾಗಾದ್ರೆ ಚೀಲನಾದ್ರೂ ಹಾಕು."

"ಚೀಲಕ್ಕೂ ಅಂಟತ್ತೆ. ಹೇಗೂ ಚಳಿ ತಾಗ್ಬೇಕಲ್ಲ, ಮೇಲಿದ್ರೆ ಗಾಳಿಗೆ ಚೆನ್ನಾಗಿ ಬಿಗಿಯತ್ತೆ. ರಸ್ತೆ ನೋಡು, ಎಷ್ಟ್ ಒಣಗಿದೆ!"

"ಬುದ್ಧಿ ಇರೋವ್ನು ಹೇಳೋ ಮಾತಾ ಇದು? ಮಗಳಿಗಿಂತ ಸೀಟು ಹೆಚ್ಚಾಯ್ತಾ ನಿಂಗೆ?"

"ಸುಮ್ನೆ ಕೂತ್ಕೊ ಅಕ್ಕ. ಬೂಟು ಒದರಿದ್ಯಾ?"

ನಮ್ಮೂರ ರಸ್ತೆ ಒಣಗಿದ್ದು ನಿಜ. ಆದರೆ ಹೆದ್ದಾರಿಗೆ ಇಳಿದು ನೋಡಿದರೆ, ಹಿಮ ಕರಗಲೆಂದು ಅಲ್ಲಿ ಉಪ್ಪು, ಮರಳು ಸುರಿದಿದ್ದರು. ರಸ್ತೆಯೆಲ್ಲ ರಾಡಿಯಾಗಿತ್ತು. ಮುಂದೆ ಹೋಗುತ್ತಿದ್ದ ಲಾರಿ ಎರಚಿದ ಮೊದಲ ಅಲೆಗೇ ಗಾಜು ಪೂರ್ತಿ ಕಂದು ಬಣ್ಣಕ್ಕೆ ತಿರುಗಿತು. ಟೋರ್ಗ್ರಿಮ್ ವೈಪರ್ ಹಾಕಿದ. ಗಾಜೇನೋ ಶುಭ್ರವಾಯಿತು. ಅವನ ಮುಖ ಬಿಳಿಚಿಕೊಂಡಿತ್ತು. ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಇಳಿದು ನೋಡಿದೆವು. ಮೇಣದ ತುಂಬ ಮರಳು, ಉಪ್ಪು, ಜಲ್ಲಿಪುಡಿ, ಕಾಳು ಮೆತ್ತಿದ ರೊಟ್ಟಿಯ ಹಾಗೆ. ಅವನು ಕಟ್ಟು ಬಿಚ್ಚಿ, ಆ ಸ್ಕೀಗಳನ್ನು ಹಾಗೆಯೇ ಒಳಗೆ ತಂದು ಕೆನೆ ಬಣ್ಣದ ಸೀಟಿನ ಮೇಲೆ ಮಲಗಿಸಿದ. ಬೈಗುಳ ನಾಲಿಗೆ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಮುಂದಿನ ಸೀಟಿನಲ್ಲಿ ಹೋಗಿ ಕೂತೆ.

ಪಂದ್ಯದ ಜಾಗ ತಲುಪಿದಾಗ ಹೆಚ್ಚು ಹೊತ್ತಿರಲಿಲ್ಲ. ಅವನು ಹಿಂದಿನ ಬಾಗಿಲು ತೆರೆದಿಟ್ಟು ಅಲ್ಲೇ ಮೇಣ ಕೆರೆಯತೊಡಗಿದ. ಒಡ್‌ವಾರ್ ಓಡಿಬಂದ.

"ಇದೇನಪ್ಪ ಗತಿ! ಬಿಡು, ನನ್ನತ್ರ ಇನ್ನೊಂದ್ ಜೊತೆ ಇದೆ, ಅವಳ ಅಳತೇದೆ. ತಯಾರಾಗಿದೆ."

"ಬೇಡ. ಆಗತ್ತೆ."

ಎದೆಯ ಮೇಲೆ ಸಂಖ್ಯೆ ಕಟ್ಟಿಕೊಂಡು ಸುನ್ನಿವಾ ಬಂದಳು. ಕೆರೆದು ಬಿದ್ದ ಕಪ್ಪು ರಾಡಿಯನ್ನು ನೋಡಿದಳು, ಅಪ್ಪನ ಮುಖ ನೋಡಿದಳು.

"ಆಗತ್ತಾ ಅಪ್ಪ?"

"ಆಗತ್ತೆ ಪುಟ್ಟಿ."

ಅವಳು ಒಡ್‌ವಾರ್ ಕಡೆ ತಿರುಗಿ, "ಅಪ್ಪ ಆಗತ್ತೆ ಅಂದ್ರೆ ಆಗತ್ತೆ ಸಾರ್" ಅಂದಳು.

ಹೊಸ ಮೇಣ ಹಚ್ಚಿದ್ದಾಯಿತು, ಆದರೆ ಅದು ತಣಿಯಲು ಸಮಯವೆಲ್ಲಿತ್ತು? ಮೊದಲ ಏರಿನಲ್ಲೇ ಅವಳ ಕಾಲಡಿಗೆ ಹಿಮ ಉಂಡೆಗಟ್ಟಿತು. ಒಂದು ಹೆಜ್ಜೆ ಇಡುವುದು, ನಿಂತು ಕೋಲಿನ ಮೊನೆಯಿಂದ ಕೆರೆಯುವುದು, ಮತ್ತೆ ಒಂದು ಹೆಜ್ಜೆ. ಅವಳಾದ ಮೇಲೆ ಹೊರಟ ಹುಡುಗಿಯರು ಒಬ್ಬೊಬ್ಬರಾಗಿ ದಾಟಿ ಹೋದರು. ಟೋರ್ಗ್ರಿಮ್ ಬೇಲಿ ಹಿಡಿದು ನಿಂತಿದ್ದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನಿಸಿತು.

ಅವಳು ಮುಗಿಸುವ ಹೊತ್ತಿಗೆ ನೋಡುವವರೂ ಚದುರಿದ್ದರು. ತಂಡದ ಮಾತು ಅಲ್ಲಿಗೆ ಮುಗಿಯಿತು. ಟೋರ್ಗ್ರಿಮ್ ಎದುರಿಗೆ ಹೋಗಿ, ಏಟಿಗೆ ಬೆನ್ನು ಕೊಡುವವನಂತೆ ತಲೆ ತಗ್ಗಿಸಿ ನಿಂತ. "ನನ್ನ ತಪ್ಪು ಪುಟ್ಟಿ. ಸೀಟು ಹಾಳಾಗತ್ತೆ ಅಂತ ಮೇಲೆ ಕಟ್ದೆ" ಅಂದ.

ಅವಳು ಕೆಂಪಾದ ಕಣ್ಣು ಒರೆಸಿಕೊಂಡು, "ಪರ್ವಾಗಿಲ್ಲ ಅಪ್ಪ" ಅಂದಳು. "ನಾನು ಬಸ್ಸಲ್ಲೇ ಬರ್ತೀನಿ."

ಮುಂದಿನ ವಾರ ನಮ್ಮೂರಲ್ಲೇ ಒಂದು ಸಣ್ಣ ಪಂದ್ಯವಿತ್ತು. ಟೋರ್ಗ್ರಿಮ್ ಹಿಂದಿನ ಸಂಜೆಯೇ ನೆಲಮಾಳಿಗೆಗೆ ಇಳಿದು ಹೀಟರ್ ಹಾಕಿ, ಟ್ಯೂಬುಗಳನ್ನೆಲ್ಲ ಬೆಚ್ಚಗೆ ಮಾಡಿಕೊಂಡು ಕಾದ. ನಾನು ಮೇಲಿನಿಂದ ಕಿವಿಗೊಟ್ಟು ಕೂತಿದ್ದೆ. ಮೆಟ್ಟಿಲ ಮೇಲೆ ಸುನ್ನಿವಾಳ ಹೆಜ್ಜೆ ಕೇಳಿಸಿತು, ಅರ್ಧಕ್ಕೇ ನಿಂತಿತು. ಅವಳು ಏನೋ ಮೆಲ್ಲಗೆ ಹೇಳಿ ತಿರುಗಿ ಹೋದಳು. ಕೆಳಗೆ ಟ್ಯೂಬುಗಳನ್ನು ಒಂದೊಂದಾಗಿ ಎತ್ತಿಡುವ ಸದ್ದು ಕೇಳಿಸಿತು.

ಸ್ವಲ್ಪ ಹೊತ್ತಿಗೆ ಅವನು ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತ.

"ಸ್ಕೀನ ಒಡ್‌ವಾರ್ ಹತ್ರ ಕೊಟ್ಟಿದ್ದಾಳಂತೆ ಅಕ್ಕ."

"ಏನಂದ್ಳು?"

"'ನಿಂಗ್ಯಾಕಪ್ಪ ಸುಮ್ನೆ ತೊಂದ್ರೆ' ಅಂದ್ಳು."

ಅವನು ಹೆಬ್ಬೆರಳನ್ನೇ ನೋಡುತ್ತ ಕೂತಿದ್ದ. "ಮುದ್ಕ ಅಂದಿದ್ದಾಳೆ, ಕುರುಡ ಅಂದಿದ್ದಾಳೆ. ಹತ್ತು ವರ್ಷದಲ್ಲಿ ಒಂದಿನಾನೂ ತೊಂದ್ರೆ ಅಂದಿರ್ಲಿಲ್ಲ. ಅವತ್ತು ಅಷ್ಟೂ ಜನದ ಎದುರಿಗೆ ಬೈದ್ಬಿಟ್ಟಿದ್ರೆ ಆಗ್ತಿತ್ತು ಅಕ್ಕ."

ನನ್ನ ಬಾಯಲ್ಲಿ ಅವನಿಗೆ ಬೇಕಾದಷ್ಟು ಬೈಗುಳವಿತ್ತು. ಅವನಿಗೆ ಬೇಕಾಗಿದ್ದುದು ನನ್ನದಲ್ಲ.